ವೈಫೈ ಆಫ್ ಮಾಡಿ ಪಿಡಿಎಫ್ ಜೋಡಿಸುವುದು: ಐದು ಸಂಜೆಯ ಕೆಲಸ

ಅಪ್ಪನಿಗೆ ಪಂಪ್‌ಸೆಟ್ ಸಾಲ ಬೇಕಿತ್ತು. ಬ್ಯಾಂಕಿನವರು ಪಹಣಿ, ಮ್ಯುಟೇಷನ್, ಇಸಿ (ಜಮೀನಿನ ಋಣಭಾರ ಪತ್ರ), ಆಧಾರ್, ಪ್ಯಾನ್, ಆರು ತಿಂಗಳ ಸ್ಟೇಟ್‌ಮೆಂಟ್ ಕೇಳಿದರು. ಎಲ್ಲಾ ಸೇರಿಸಿ ಒಂದೇ ಪಿಡಿಎಫ್ ಮಾಡಿ ಮೇಲ್ ಮಾಡಿ, 5 ಎಂಬಿ ಒಳಗಿರಲಿ ಅಂದರು. ಅಪ್ಪ ಸೀದಾ ಜೆರಾಕ್ಸ್ ಅಂಗಡಿಗೆ ಹೊರಟರು. ರಜೆಗೆ ಊರಿಗೆ ಬಂದಿದ್ದ ನಾನೂ ಜೊತೆಗೆ ಹೋದೆ.

ಅಂಗಡಿ ಹುಡುಗ ಚುರುಕು. ವಾಟ್ಸಾಪ್ ವೆಬ್‌ನಿಂದ ಫೈಲುಗಳನ್ನೆಲ್ಲ ಇಳಿಸಿಕೊಂಡ. ಪಿಡಿಎಫ್ ಸೇರಿಸೋದು ಅಂತ ಹುಡುಕಿ, ಮೊದಲು ಬಂದ ಸೈಟ್ ಒತ್ತಿ, ಎಲ್ಲವನ್ನೂ ಎಳೆದು ಹಾಕಿದ. ಅಪ್‌ಲೋಡ್ ಪಟ್ಟಿ ಎಡದಿಂದ ಬಲಕ್ಕೆ ಓಡಿತು. ಎರಡು ನಿಮಿಷದಲ್ಲಿ ಕೆಲಸ ಮುಗೀತು, ಎಂಬತ್ತು ರೂಪಾಯಿ ಆಯ್ತು. ನನ್ನ ಕಣ್ಣು ಮಾತ್ರ ಅವನ ಡೌನ್‌ಲೋಡ್ಸ್ ಫೋಲ್ಡರ್ ಮೇಲೇ ಇತ್ತು. ಅರ್ಧ ಊರಿನ ಆಧಾರ್ ಅಲ್ಲಿತ್ತು. ಅಪ್ಪನ ಫೈಲುಗಳು ಆ ಗುಂಪಿಗೂ ಸೇರಿದವು, ಎಲ್ಲಿದೆಯೋ ಗೊತ್ತಿಲ್ಲದ ಇನ್ನೊಂದು ಸರ್ವರಿಗೂ ಹೋದವು.

ಹುಡುಗನದು ತಪ್ಪು ಅಂತ ನಾನು ಹೇಳಲ್ಲ. ಅವನಿಗೆ ಗೊತ್ತಿದ್ದ ದಾರಿ ಅದೊಂದೇ. 2022ರ ಮೇ ತಿಂಗಳಲ್ಲಿ ಆಧಾರ್ ಕೊಡುವ ಸಂಸ್ಥೆ ಯುಐಡಿಎಐನ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಕೊಟ್ಟಿತ್ತು. ಆಧಾರ್ ಜೆರಾಕ್ಸನ್ನು ಕಂಡಕಂಡಲ್ಲಿ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ, ಸೈಬರ್ ಸೆಂಟರಿನಲ್ಲಿ ಇ-ಆಧಾರ್ ಇಳಿಸಿಕೊಂಡರೆ ಆ ಪ್ರತಿಗಳನ್ನು ಪೂರ್ತಿ ಅಳಿಸಿ ಬನ್ನಿ ಅಂತ. ಜನ ತಪ್ಪಾಗಿ ತಿಳಿಯಬಹುದು ಅಂತ ಎರಡೇ ದಿನಕ್ಕೆ ಅದನ್ನು ವಾಪಸ್ ತೆಗೆದುಕೊಂಡರು. ಬುದ್ಧಿಮಾತು ಒಳ್ಳೆಯದೇ. ಆದರೆ ಬ್ಯಾಂಕಿಗೆ ಬೇಕಿರೋದು ಒಂದೇ ಪಿಡಿಎಫ್, ಅಪ್ಪನ ಕೈಯಲ್ಲಿರೋದು ಒಂದು ಫೋನ್. ಅಂಗಡಿಗೆ ಹೋಗದೆ ಇನ್ನೇನು ಮಾಡ್ತಾರೆ?

ನನ್ನ ಲ್ಯಾಪ್‌ಟಾಪ್‌ನಲ್ಲಿ ಕ್ಯುಪಿಡಿಎಫ್ ಅನ್ನುವ ತಂತ್ರಾಂಶ ಇದೆ. ಒಂದು ಸಾಲಿನ ಆಜ್ಞೆ ಕೊಟ್ಟರೆ ಹತ್ತು ಫೈಲು ಒಂದಾಗುತ್ತವೆ. ಆದರೆ ಅದನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿಕೊಡೋದು ಆಗದ ಮಾತು. ಎಲ್ಲ ಫೋನಿನಲ್ಲೂ ಇರೋದು ಬ್ರೌಸರ್. ಅಲ್ಲೇ ಜೋಡಿಸಬೇಕು, ಫೈಲು ಫೋನ್ ಬಿಟ್ಟು ಆಚೆ ಹೋಗಬಾರದು. ಸರಿ, ಮಾಡೋಣ ಅಂತ ಕೂತೆ.

ಮೊದಲ ಸಂಜೆ

ಮೊದಲು ಒಂದು ಪೆದ್ದು ಕೆಲಸ ಮಾಡಿ ನೋಡಿದೆ. ಎರಡು ಪಿಡಿಎಫ್‌ಗಳನ್ನು ಬಾಲಕ್ಕೆ ತಲೆ ಅಂಟಿಸಿದ ಹಾಗೆ ಸುಮ್ನೆ ಒಂದರ ಹಿಂದೆ ಒಂದು ಬರೆದೆ. ಫೈಲಿನ ಗಾತ್ರವೇನೋ ಎರಡರ ಮೊತ್ತ ಆಯ್ತು. ತೆರೆದರೆ ಎರಡನೆಯದು ಮಾತ್ರ ಕಾಣಿಸಿತು. ಯಾಕೆ ಅಂತ ತಿಳಿದುಕೊಂಡರೆ ಮುಂದಿನ ತಲೆನೋವು ಅರ್ಧ ಕಮ್ಮಿ.

ಪಿಡಿಎಫನ್ನು ಓದುವ ತಂತ್ರಾಂಶ ಕೊನೆಯಿಂದ ಶುರು ಮಾಡುತ್ತದೆ. ಕೊನೆಯಲ್ಲಿ ಒಂದು ಅಂಕಿ ಇರುತ್ತದೆ. ಪಟ್ಟಿ ಎಷ್ಟನೇ ಬೈಟ್‌ನಲ್ಲಿದೆ ಅಂತ ಅದು ಹೇಳುತ್ತದೆ. ಆ ಪಟ್ಟಿಯಲ್ಲಿ ಪುಟ, ಫಾಂಟ್, ಚಿತ್ರ ಹೀಗೆ ಪ್ರತಿಯೊಂದು ವಸ್ತುವಿಗೂ ನಂಬರ್ ಇದೆ, ಅದು ಕೂತಿರುವ ಜಾಗ ಇದೆ. ಹಳೆಯ ಮಾದರಿಯ ಪಟ್ಟಿಯಲ್ಲಿ ಒಂದೊಂದು ಸಾಲೂ ಸರಿಯಾಗಿ 20 ಬೈಟ್. ಎರಡು ಫೈಲು ಅಂಟಿಸಿದಾಗ ಕೊನೆಯ ಪಟ್ಟಿಗೆ ಮೊದಲನೇ ಫೈಲಿನ ಸುದ್ದಿಯೇ ಗೊತ್ತಿರಲ್ಲ. ಜೊತೆಗೆ ಎರಡರಲ್ಲೂ 1ನೇ ನಂಬರಿನ ವಸ್ತು ಇದೆ, 2ನೇದೂ ಇದೆ. ಇದು ಎರಡು ಊರಿನ ಸರ್ವೆ ನಂಬರ್ ಒಂದೇ ರಿಜಿಸ್ಟರಿಗೆ ಬರೆದ ಹಾಗೆ. ಎಲ್ಲಕ್ಕೂ ಹೊಸ ನಂಬರ್ ಕೊಡಬೇಕು, ಒಂದು ಇನ್ನೊಂದನ್ನು ತೋರಿಸುವ ಕಡೆಯೆಲ್ಲ ತಿದ್ದಬೇಕು, ಪಟ್ಟಿ ಹೊಸದಾಗಿ ಬರೆಯಬೇಕು. ಪಿಡಿಎಫ್ ಜೋಡಣೆ ಅಂದರೆ ಇಷ್ಟೇ. ಇದಕ್ಕೆ ದೊಡ್ಡ ಸರ್ವರ್ ಯಾಕೆ ಬೇಕು ಹೇಳಿ?

ಅಡೋಬಿ 1993ರಲ್ಲಿ ತಂದ ಈ ನಮೂನೆ 2008ರಲ್ಲಿ ಐಎಸ್‌ಒ ಮಾನದಂಡ ಆಯ್ತು. 2013ರಿಂದ ಫೈರ್‌ಫಾಕ್ಸ್ ತನ್ನೊಳಗೇ, ಬ್ರೌಸರಿನಲ್ಲಿ ಓಡುವ ಭಾಷೆಯಾದ ಜಾವಾಸ್ಕ್ರಿಪ್ಟ್‌ನಿಂದ ಪಿಡಿಎಫ್ ಓದಿ ತೋರಿಸುತ್ತಿದೆ. ಹಾಗಾಗಿ ಬ್ರೌಸರಿಗೆ ಇದು ಹೊಸ ಭಾರ ಅಲ್ಲ. ಓದೋದರ ಜೊತೆ ಬರೆಯೋದಕ್ಕೂ ಬೇಕು ಅಂತ ನಾನು ಪಿಡಿಎಫ್-ಲಿಬ್ ಹಿಡಿದುಕೊಂಡೆ. ಎಂಐಟಿ ಪರವಾನಗಿಯ, ಅಂದರೆ ಯಾರು ಬೇಕಾದರೂ ಬಳಸಬಹುದಾದ ಜಾವಾಸ್ಕ್ರಿಪ್ಟ್ ಲೈಬ್ರರಿ (ಸಿದ್ಧ ಕೋಡಿನ ಗಂಟು), ಸುಮಾರು ಅರ್ಧ ಎಂಬಿ. ಬೇರೆ ಯಾವುದರ ಹಂಗೂ ಇಲ್ಲ.

ನಲವತ್ತು ಸಾಲಿನಲ್ಲಿ ಮೊದಲ ಪುಟ ಎದ್ದು ನಿಂತಿತು. ಫೈಲ್ ಆರಿಸುವ ಬಟನ್, ಹೆಸರಿನ ಪಟ್ಟಿ, ಮೇಲೆ ಕೆಳಗೆ ಸರಿಸುವ ಬಾಣಗಳು, "ಜೋಡಿಸು" ಅನ್ನುವ ಬಟನ್. ಆರಿಸಿದ ಫೈಲನ್ನು ಬ್ರೌಸರ್ ಬೈಟ್‌ಗಳಾಗಿ ಮೆಮೊರಿಗೆ ಓದುತ್ತದೆ, ಲೈಬ್ರರಿ ಪುಟಗಳನ್ನು ಹೊಸ ದಾಖಲೆಗೆ ನಕಲು ಮಾಡುತ್ತದೆ, ಕೊನೆಗೆ ಬಂದ ಬೈಟ್‌ಗಳನ್ನು ಬ್ಲಾಬ್ (ಮೆಮೊರಿಯಲ್ಲೇ ಇರುವ ಫೈಲು) ಮಾಡಿ ಡೌನ್‌ಲೋಡ್ ಕೊಂಡಿಗೆ ಕಟ್ಟಿದರೆ ಆಯ್ತು. ಎಳೆದು ಸರಿಸುವ ವ್ಯವಸ್ಥೆ ಮಾಡಲಿಲ್ಲ. ಅಪ್ಪನ ಬೆರಳಿಗೆ ಬಾಣವೇ ವಾಸಿ.

ಎರಡನೇ ಸಂಜೆ: ಊದಿಕೊಂಡ ಫೈಲು

ಬ್ಯಾಂಕ್ ಸ್ಟೇಟ್‌ಮೆಂಟ್ 22 ಪುಟ, 1 ಎಂಬಿಗಿಂತ ಕಮ್ಮಿ. ಜೋಡಿಸಿದ ಮೇಲೆ ನೋಡಿದರೆ 11 ಎಂಬಿ! ಹಿಟ್ಟಿಗೆ ಸೋಡಾ ಜಾಸ್ತಿ ಬಿದ್ದ ಹಾಗೆ ಉಬ್ಬಿತ್ತು.

ಅರ್ಧ ಗಂಟೆ ಲೈಬ್ರರಿಯನ್ನೇ ಬೈದೆ. ತಪ್ಪು ನನ್ನದೇ. ನಾನು ಪುಟಗಳನ್ನು ಒಂದೊಂದಾಗಿ ಲೂಪ್ ಹಾಕಿ ನಕಲು ಮಾಡುತ್ತಿದ್ದೆ. ಕಾಪಿ ಪೇಜಸ್ ಅನ್ನುವ ಆ ಆಜ್ಞೆ ಪ್ರತಿ ಸಲ ಕರೆದಾಗಲೂ ಹೊಸದಾಗಿ ಲೆಕ್ಕ ಶುರು ಮಾಡುತ್ತದೆ. ಹಿಂದಿನ ಸಲ ಏನು ನಕಲಾಗಿದೆ ಅನ್ನೋದು ಅದಕ್ಕೆ ನೆನಪಿರಲ್ಲ. ಸ್ಟೇಟ್‌ಮೆಂಟಿನ ಎಲ್ಲ ಪುಟಕ್ಕೂ ಫಾಂಟ್ ಒಂದೇ, ಮೇಲಿನ ಲೋಗೋ ಒಂದೇ. ನನ್ನ ಲೂಪ್‌ನಿಂದ ಅವೇ ಫಾಂಟು, ಅದೇ ಲೋಗೋ 22 ಸಲ ಒಳಗೆ ಹೋಗಿದ್ದವು. ಎಲ್ಲ ಪುಟದ ನಂಬರುಗಳನ್ನೂ ಒಂದೇ ಕರೆಯಲ್ಲಿ ಕೊಟ್ಟೆ. ಗಾತ್ರ ಮೊದಲಿದ್ದಷ್ಟಕ್ಕೇ ಇಳಿಯಿತು. ಬದಲಾಗಿದ್ದು ಒಂದೇ ಸಾಲು. ಈ ಲೈಬ್ರರಿ ಹಿಡಿದವರು ಇಷ್ಟನ್ನು ನೆನಪಿಟ್ಟುಕೊಳ್ಳಿ, ಮಿಕ್ಕಿದ್ದೆಲ್ಲ ಸಲೀಸು.

ಅದೇ ಸಂಜೆ ಇನ್ನೊಂದು ಸಣ್ಣ ತೊಂದರೆ. ಹೆಸರಿನ ಕ್ರಮದಲ್ಲಿ ಜೋಡಿಸಿದರೆ 1 ಆದ ಮೇಲೆ 10 ಬಂತು, ಆಮೇಲೆ 2. ಹೋಲಿಸುವ ಆಜ್ಞೆಗೆ ಅಂಕಿಯನ್ನು ಅಂಕಿಯಾಗಿಯೇ ನೋಡು ಅಂತ ಒಂದು ಆಯ್ಕೆ ಇದೆ. ಹಾಕಿದೆ, ಸರಿ ಹೋಯ್ತು.

ಆಧಾರ್ ಮಾಡಿದ ತಕರಾರು

ಇ-ಆಧಾರ್‌ಗೆ ಪಾಸ್‌ವರ್ಡ್ ಇದೆ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಆಮೇಲೆ ಹುಟ್ಟಿದ ವರ್ಷ. ಆ ಫೈಲನ್ನು ಕೊಟ್ಟ ಕೂಡಲೇ ಪಿಡಿಎಫ್-ಲಿಬ್ ಕೈ ಎತ್ತಿತು. ಬೀಗ ಹಾಕಿದ ಫೈಲನ್ನು ಬಿಚ್ಚೋದು ಅದಕ್ಕೆ ಬರಲ್ಲ. ಬೀಗ ಇದ್ದರೂ ಲೆಕ್ಕಿಸಬೇಡ ಅನ್ನುವ ಒಂದು ಆಯ್ಕೆ ಇದೆ. ನಾನು ಖುಷಿಯಿಂದ ಹಾಕಿದೆ. ತಪ್ಪೇನೂ ತೋರಿಸಲಿಲ್ಲ, ಫೈಲೂ ಬಂತು, ಆಧಾರ್ ಇರಬೇಕಾದ ಪುಟ ಮಾತ್ರ ಖಾಲಿ. ಅದು ಬೀಗ ತೆಗೆಯುವ ಆಯ್ಕೆ ಅಲ್ಲ, ಕಣ್ಣು ಮುಚ್ಚಿಕೊಳ್ಳುವ ಆಯ್ಕೆ. ಒಳಗಿನ ಬೈಟ್‌ಗಳು ಬೀಗದಲ್ಲೇ ಇರುತ್ತವೆ, ನಕಲಾಗೋದು ಆ ಕಲಸುಮೇಲೋಗರವೇ. ಬ್ಯಾಂಕಿಗೆ ಖಾಲಿ ಹಾಳೆ ಹೋಗೋದಕ್ಕಿಂತ ಮುಖಕ್ಕೆ ಹೊಡೆದ ಹಾಗೆ ತಪ್ಪು ತೋರಿಸೋದು ಮೇಲು. ಆ ಆಯ್ಕೆ ತೆಗೆದು ಹಾಕಿದೆ.

ಕ್ಯುಪಿಡಿಎಫನ್ನೇ ವೆಬ್ ಅಸೆಂಬ್ಲಿಗೆ (ಬೇರೆ ಭಾಷೆಯ ತಂತ್ರಾಂಶವನ್ನು ಬ್ರೌಸರಿಗೆ ಒಗ್ಗಿಸುವ ನಮೂನೆ) ತಂದು ಬ್ರೌಸರಿನಲ್ಲಿ ಓಡಿಸಬಹುದು. ಯೋಚಿಸಿದೆ, ಬಿಟ್ಟೆ. ಒಂದೇ ಫೈಲಿನ ಪುಟ್ಟ ಸಲಕರಣೆ ಅಂತ ಶುರು ಮಾಡಿದ್ದು, ಹೊಟ್ಟೆ ಬರಿಸೋದು ಬೇಡ. ಈಗ ಬೀಗದ ಫೈಲ್ ಬಂದರೆ ಕೆಂಪಕ್ಷರದಲ್ಲಿ ಹೀಗೆ ಬರುತ್ತದೆ: "ಈ ಫೈಲಿಗೆ ಪಾಸ್‌ವರ್ಡ್ ಇದೆ. ಇದನ್ನು ತೆರೆದು, ಪ್ರಿಂಟ್ ಒತ್ತಿ, ಪಿಡಿಎಫ್ ಆಗಿ ಸೇವ್ ಮಾಡಿ. ಆಮೇಲೆ ಅದನ್ನು ಇಲ್ಲಿ ಹಾಕಿ." ಆ ಸುತ್ತೂ ಫೋನಿನೊಳಗೇ ನಡೆಯುತ್ತದೆ.

ಒಂದು ಎಚ್ಚರ ಇದೆ. ಇ-ಆಧಾರ್‌ಗೆ ಡಿಜಿಟಲ್ ಸಹಿ ಇರುತ್ತದೆ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಇಳಿಸಿದ ಇಸಿಗೂ ಇರುತ್ತದೆ. ಈ ಸಹಿ ಫೈಲಿನ ಬೈಟ್‌ಗಳಿಗೆ ಹಾಕಿದ್ದು, ಕಾಣುವ ಪುಟಕ್ಕಲ್ಲ. ಜೋಡಿಸಿದ ಕೂಡಲೇ ಬೈಟ್‌ಗಳು ಬದಲಾದವು, ಸಹಿ ಸತ್ತಿತು. ಸಹಿಯ ಚಿತ್ರ ಕಾಣಿಸುತ್ತದೆ, ಅಷ್ಟೇ. ಇದು ನನ್ನ ಸಲಕರಣೆಯ ದೋಷ ಅಲ್ಲ, ಯಾವುದರಲ್ಲಿ ಜೋಡಿಸಿದರೂ ಇದೇ ಕತೆ. ಸಹಿ ಬೇಕು ಅನ್ನುವ ಕಡೆ ಮೂಲ ಫೈಲನ್ನೇ ಬೇರೆಯಾಗಿ ಕೊಡಬೇಕು. ತುಂಬಿಸಿದ ಫಾರ್ಮ್‌ಗಳದೂ ಸ್ವಲ್ಪ ಇದೇ ಹಣೆಬರಹ. ಪುಟ ನಕಲಾದರೂ ಫಾರ್ಮಿನ ಖಾನೆಗಳ ಸಂಬಂಧ ಕಡಿದು ಹೋಗುತ್ತದೆ. ಅದಕ್ಕೆ ಮೊದಲೇ ಫ್ಲ್ಯಾಟನ್ ಮಾಡಿ, ಬರೆದದ್ದನ್ನು ಪುಟಕ್ಕೇ ಅಚ್ಚೊತ್ತಿ ಆಮೇಲೆ ನಕಲು ಮಾಡುತ್ತೇನೆ.

ಮೂರನೇ ಸಂಜೆ: ಅಡ್ಡ ಮಲಗಿದ ಪಹಣಿ

ಹಳೆಯ ಮ್ಯುಟೇಷನ್ ಪ್ರತಿ ಪಿಡಿಎಫ್ ಅಲ್ಲ, ಕಾಗದ. ಅಪ್ಪ ಫೋಟೋ ಹೊಡೆದು ಕಳಿಸಿದ್ದರು, ಜೊತೆಗೆ ಪಹಣಿಯದೂ ಫೋಟೋ. ಹಾಗಾಗಿ ಜೆಪೆಗ್ ಚಿತ್ರಗಳನ್ನೂ ಪುಟ ಮಾಡಿ ಸೇರಿಸಬೇಕಾಯ್ತು. ಸೇರಿಸಿದೆ. ಫೋನಿನಲ್ಲಿ ನೆಟ್ಟಗೆ ಕಾಣುತ್ತಿದ್ದ ಪಹಣಿ ಪಿಡಿಎಫ್‌ನಲ್ಲಿ ಅಡ್ಡ ಮಲಗಿತ್ತು.

ಫೋನಿನ ಕ್ಯಾಮೆರಾ ಚಿತ್ರವನ್ನು ತಿರುಗಿಸಿ ಉಳಿಸಲ್ಲ. ಸೆನ್ಸರ್ ಕಂಡ ಹಾಗೇ ಉಳಿಸಿ, "ತೋರಿಸುವಾಗ 90 ಡಿಗ್ರಿ ತಿರುಗಿಸಿ" ಅಂತ ಎಕ್ಸಿಫ್ ಎಂಬ ಚೀಟಿ ಅಂಟಿಸುತ್ತದೆ. ಗ್ಯಾಲರಿ ಆ ಚೀಟಿ ಓದುತ್ತದೆ. ಪಿಡಿಎಫ್ ಓದಲ್ಲ, ಜೆಪೆಗ್‌ನ ಬೈಟ್‌ಗಳನ್ನು ಇದ್ದ ಹಾಗೇ ಒಳಗಿಟ್ಟುಕೊಳ್ಳುತ್ತದೆ. ಪರಿಹಾರ ಸುಲಭ: ಚಿತ್ರವನ್ನು ಮೊದಲು ಬ್ರೌಸರಿನ ಕ್ಯಾನ್ವಾಸ್, ಅಂದರೆ ಚಿತ್ರ ಬಿಡಿಸುವ ಖಾಲಿ ಹಲಗೆಯ ಮೇಲೆ ಬಿಡಿಸು. ಈಗಿನ ಬ್ರೌಸರುಗಳು ಬಿಡಿಸುವಾಗ ಚೀಟಿಯ ಮಾತು ಕೇಳುತ್ತವೆ. ನೆಟ್ಟಗಾದ ಚಿತ್ರವನ್ನು ಅಲ್ಲಿಂದ ಹೊಸ ಜೆಪೆಗ್ ಮಾಡಿ ತೆಗೆದುಕೊ.

ಈ ಸುತ್ತಿನಿಂದ ಇನ್ನೊಂದು ಲಾಭ ಆಯ್ತು. 12 ಮೆಗಾಪಿಕ್ಸೆಲ್ ಫೋಟೋ ಅಂದರೆ 4000 ಅಡ್ಡ 3000 ಚುಕ್ಕಿ. ಒಂದೊಂದೂ ಮೂರ್ನಾಲ್ಕು ಎಂಬಿ. ಕ್ಯಾನ್ವಾಸ್‌ನಲ್ಲಿ ಹೇಗೂ ಬಿಡಿಸುತ್ತೇವಲ್ಲ, ಅಲ್ಲೇ ಕಿರಿದು ಮಾಡಿದರಾಯ್ತು. ಎ4 ಹಾಳೆಗೆ ಇಂಚಿಗೆ 150 ಚುಕ್ಕಿ ಅಂದರೆ 1240 ಅಡ್ಡ 1754. ಅದರಲ್ಲಿ ಪ್ಯಾನ್ ಚೆನ್ನಾಗಿ ಕಂಡಿತು, ಪಹಣಿ ಕಾಣಲಿಲ್ಲ. ಪಹಣಿಯ ಕಾಲಂಗಳು ಗೊತ್ತಲ್ಲ, ಇರುವೆ ಸಾಲಿನಂಥ ಅಕ್ಷರ. ಹಿಸ್ಸಾ ನಂಬರಿನ 3 ಯಾವುದು 8 ಯಾವುದು ತಿಳಿಯಲಿಲ್ಲ. 200 ಚುಕ್ಕಿಗೆ ಏರಿಸಿದೆ, ಅಂದರೆ 1654 ಅಡ್ಡ 2339. ಓದಲು ಬಂತು, ಒಂದು ಪುಟ 500 ಕೆಬಿ ಆಸುಪಾಸು. ಅಲ್ಲಿಗೇ ನಿಲ್ಲಿಸಿದೆ. ಸಾಲದ ಅರ್ಜಿಯಲ್ಲಿ ಸರ್ವೆ ನಂಬರ್ ಓದಲಾಗದಿದ್ದರೆ ಗಾತ್ರ ಉಳಿಸಿ ಏನು ಮಾಡೋದು?

ನಾಲ್ಕನೇ ಸಂಜೆ: "ಪುಟ 1" ಅನ್ನಲು ಪಟ್ಟ ಪಾಡು

ಇದು ಬೇಕೇ ಬೇಕು ಅಂತೇನಿರಲಿಲ್ಲ. ನನ್ನ ಹಟ. ಪ್ರತಿ ಹಾಳೆಯ ಕೆಳಗೆ "ಪುಟ 1", "ಪುಟ 2" ಅಂತ ಕನ್ನಡದಲ್ಲಿ ಬರಲಿ, ಮೊದಲ ಹಾಳೆಯಾಗಿ "ಅರ್ಜಿಯೊಂದಿಗೆ ಲಗತ್ತಿಸಿದ ದಾಖಲೆಗಳು" ಅಂತ ಒಂದು ಪಟ್ಟಿ ಬರಲಿ ಅಂತ ಆಸೆ.

ಪಿಡಿಎಫ್‌ನ ಜೊತೆಗೇ ಬರುವ 14 ಫಾಂಟ್‌ಗಳಲ್ಲಿ ಕನ್ನಡ ಇಲ್ಲ. "ಪ" ಬರೆ ಅಂದ ಕೂಡಲೇ ವಿನ್‌ಆನ್ಸಿಯಲ್ಲಿ (ಇಂಗ್ಲಿಷಿನಂಥ ಲಿಪಿಗೆ ಮಾಡಿದ ಅಕ್ಷರಪಟ್ಟಿ) ಈ ಅಕ್ಷರ ಬರೆಯಲಾಗದು ಅಂತ ಲೈಬ್ರರಿ ನಿಂತುಬಿಟ್ಟಿತು. ಸರಿ, ಫಾಂಟ್‌ಕಿಟ್ ಅನ್ನುವ ಜೊತೆಗಾರನನ್ನು ಸೇರಿಸಿ ಒಂದು ಯೂನಿಕೋಡ್ ಕನ್ನಡ ಫಾಂಟ್ ತುಂಬಿದೆ. "ಪುಟ" ಬಂತು. "ಲಗತ್ತಿಸಿದ" ಅನ್ನುವಲ್ಲಿ ತ ಒತ್ತು ತನ್ನ ಜಾಗ ಬಿಟ್ಟು ಪಕ್ಕಕ್ಕೆ ಜಾರಿತ್ತು. ಬಸ್ಸಿನಲ್ಲಿ ಸೀಟು ಸಿಗದೆ ಬಾಗಿಲಲ್ಲಿ ನೇತಾಡುವವನ ಹಾಗೆ.

ಕಾರಣ ಹುಡುಕಲು ಲೈಬ್ರರಿಯ ಒಳಗೇ ಇಳಿದೆ. ಕನ್ನಡ ಬರೆಯೋದರಲ್ಲಿ ಎರಡು ಹಂತ ಇದೆ. ಯಾವ ಆಕಾರ ಬೇಕು ಅಂತ ಆರಿಸೋದು ಒಂದು, ಆ ಆಕಾರವನ್ನು ಎಲ್ಲಿ ಕೂರಿಸಬೇಕು ಅನ್ನೋದು ಇನ್ನೊಂದು. ಫಾಂಟ್‌ಕಿಟ್ ಎರಡನ್ನೂ ಲೆಕ್ಕ ಹಾಕಿ ಕೊಡುತ್ತದೆ. ಪಿಡಿಎಫ್-ಲಿಬ್ ಆಕಾರಗಳ ನಂಬರನ್ನು ಮಾತ್ರ ತೆಗೆದುಕೊಂಡು ಜಾಗದ ಲೆಕ್ಕವನ್ನು ಕೈಬಿಡುತ್ತದೆ. ಇಂಗ್ಲಿಷಿಗೆ ಅಷ್ಟು ಸಾಕು. ಒತ್ತಕ್ಷರಕ್ಕೆ ಸಾಲದು.

ಆ ರಾತ್ರಿ ಮಲಗುವಾಗ ಹೊಳೆಯಿತು. ಪಹಣಿಯನ್ನು ನೆಟ್ಟಗೆ ಮಾಡಿದ ಕ್ಯಾನ್ವಾಸ್ ಇದೆಯಲ್ಲ! ಬ್ರೌಸರಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ, ಒತ್ತು ದೀರ್ಘ ಎಲ್ಲ. ಕ್ಯಾನ್ವಾಸ್ ಮೇಲೆ ಬ್ರೌಸರಿನಿಂದಲೇ ಬರೆಸಿ, ಅದನ್ನು ಪಿಎನ್‌ಜಿ ಚಿತ್ರ ಮಾಡಿ ಪುಟದ ಬುಡಕ್ಕೆ ಅಂಟಿಸಿದೆ. ಫಾಂಟ್‌ಕಿಟ್ ಬೇಡ, ಫಾಂಟ್ ಫೈಲೂ ಬೇಡ. ಹೌದು, ಆ ಅಕ್ಷರಗಳನ್ನು ಹುಡುಕಲಾಗದು, ನಕಲು ಮಾಡಲಾಗದು, ಅವು ಚಿತ್ರ. ಪುಟದ ನಂಬರನ್ನು ಯಾರು ನಕಲು ಮಾಡುತ್ತಾರೆ? ಇದು ಅಡ್ಡದಾರಿ ಅಂತ ಬೈಯುವವರು ಬೈಯಲಿ, ನನಗೆ ಇದರಲ್ಲಿ ಸಂಕೋಚ ಇಲ್ಲ.

ಬಾಗಿಲು ಹಾಕುವುದು

ಇಲ್ಲಿಯವರೆಗೆ ಫೈಲು ಹೊರಗೆ ಹೋಗುತ್ತಿಲ್ಲ ಅನ್ನೋದು ಬರೀ ನನ್ನ ಮಾತು. ಅಂಗಡಿ ಹುಡುಗ ಒತ್ತಿದ ಸೈಟಿನವರೂ "ನಿಮ್ಮ ಫೈಲುಗಳು ಸುರಕ್ಷಿತ" ಅಂತ ದಪ್ಪಕ್ಷರದಲ್ಲಿ ಬರೆದಿದ್ದರು. ಹಾಗಾಗಿ ಬ್ರೌಸರಿನ ಕೈಯಿಂದಲೇ ಬೀಗ ಹಾಕಿಸಿದೆ. ಕಂಟೆಂಟ್ ಸೆಕ್ಯುರಿಟಿ ಪಾಲಿಸಿ ಅಂತ ಒಂದು ಸಾಲನ್ನು ಪುಟದ ತಲೆಯಲ್ಲಿ ಬರೆಯಬಹುದು. ಮೊದಲು ಎಲ್ಲವೂ ಬೇಡ ಅನ್ನು, ಆಮೇಲೆ ಈ ಪುಟದೊಳಗಿನ ಸ್ಕ್ರಿಪ್ಟ್, ಈ ಪುಟದೊಳಗಿನ ಸ್ಟೈಲ್ ಮಾತ್ರ ಸರಿ ಅನ್ನು. ಹೀಗೆ ಬರೆದ ಮೇಲೆ ಯಾವುದಾದರೂ ಸ್ಕ್ರಿಪ್ಟ್ ಹೊರಗೆ ಸಂಪರ್ಕ ಮಾಡಲು ಹೋದರೆ ಬ್ರೌಸರೇ ತಡೆಯುತ್ತದೆ. ಒಂದು ಕಿಂಡಿ ನನಗೆ ತಡವಾಗಿ ಕಂಡಿತು. "ಎಲ್ಲವೂ ಬೇಡ" ಅನ್ನೋದು ಫಾರ್ಮ್ ಕಳಿಸೋದಕ್ಕೆ ಅನ್ವಯಿಸಲ್ಲ, ಅದನ್ನು ಬೇರೆ ಸಾಲಿನಲ್ಲಿ ಮುಚ್ಚಬೇಕು. ಇನ್ನು ಪುಟವೇ ಬೇರೆ ವಿಳಾಸಕ್ಕೆ ಹೊರಟರೆ ಈ ಬೀಗ ತಡೆಯಲ್ಲ. ಅದಕ್ಕೆ ಲೈಬ್ರರಿಯನ್ನು ದೂರದ ಸರ್ವರಿನಿಂದ ಕರೆಯದೆ, ಒಂದು ಪ್ರತಿಯನ್ನು ಪುಟದೊಳಗೇ ಅಂಟಿಸಿಟ್ಟೆ. ನಾಳೆ ಅದನ್ನು ಬೇರೆಯವರು ಬದಲಿಸಲಾಗದು.

ಪರೀಕ್ಷೆ ಸರಳ. ಡೆವಲಪರ್ ಪರದೆಯ ನೆಟ್‌ವರ್ಕ್ ಭಾಗ ತೆರೆದಿಟ್ಟು ಜೋಡಿಸಿದೆ, ಒಂದು ಸಾಲೂ ಹೊಸದಾಗಿ ಬರಲಿಲ್ಲ. ಆಮೇಲೆ ವೈಫೈ ಆಫ್ ಮಾಡಿ ಜೋಡಿಸಿದೆ, ಫೈಲು ಬಂತು. ಎರಡನೆಯದನ್ನು ಅಪ್ಪನೂ ಮಾಡಿ ನೋಡಬಹುದು.

ಐದನೇ ಸಂಜೆ: ಅಪ್ಪನ ಫೋನ್

ಎಲ್ಲ ಒಂದೇ ಎಚ್‌ಟಿಎಂಎಲ್ ಫೈಲಿನಲ್ಲಿದೆ, ವಾಟ್ಸಾಪಿನಲ್ಲಿ ಕಳಿಸಿದರೆ ಮುಗೀತು ಅಂದುಕೊಂಡೆ. ಅಪ್ಪ ಒತ್ತಿದರು. ಪಟ್ಟಿ, ಬಟನ್ ಎಲ್ಲ ಕಂಡವು, ಯಾವುದೂ ಕೆಲಸ ಮಾಡಲಿಲ್ಲ. ಆಂಡ್ರಾಯ್ಡ್ ಅದನ್ನು ತನ್ನ ಎಚ್‌ಟಿಎಂಎಲ್ ವ್ಯೂವರ್‌ನಲ್ಲಿ ತೆರೆದಿತ್ತು. ಅದರಲ್ಲಿ ಜಾವಾಸ್ಕ್ರಿಪ್ಟನ್ನು ಬೇಕೆಂದೇ ಬಂದ್ ಮಾಡಿಟ್ಟಿದ್ದಾರೆ. ಒಳ್ಳೆಯದಕ್ಕೇ ಮಾಡಿದ್ದಾರೆ, ಆದರೆ ನನಗೆ ಅಡ್ಡಿ.

ಕೊನೆಗೆ ವೆಬ್ ಪುಟ ಇಡಲು ಜಾಗ ಕೊಡುವ ಗಿಟ್‌ಹಬ್ ಪೇಜಸ್‌ನಲ್ಲಿ ಇಟ್ಟು, ಪುಟವನ್ನು ಫೋನಿನಲ್ಲಿ ಉಳಿಸಿಕೊಡುವ ಸರ್ವಿಸ್ ವರ್ಕರ್ ಅನ್ನುವ ಸ್ಕ್ರಿಪ್ಟ್ ಸೇರಿಸಿದೆ. ಒಮ್ಮೆ ತೆರೆದರೆ ಪುಟ ಫೋನಿನಲ್ಲೇ ಉಳಿಯುತ್ತದೆ, ಆಮೇಲೆ ನೆಟ್ ಬೇಡ. ಮೊದಲ ಸಲ ಸರ್ವಿಸ್ ವರ್ಕರ್ ಏಳಲೇ ಇಲ್ಲ. ನಾನೇ ಹಾಕಿದ ಬೀಗ ನನ್ನನ್ನೇ ಹೊರಗಿಟ್ಟಿತ್ತು! ವರ್ಕರ್‌ಗೆ ಮಾತ್ರ ಬಾಗಿಲು ತೆರೆದೆ. ಪುಟಕ್ಕೆ ಹಾಕಿದ ಬೀಗ ವರ್ಕರ್‌ಗೆ ತಗಲಲ್ಲ, ಅದು ಬೇರೆ ಮನೆ. ಅದಕ್ಕೆ ವರ್ಕರ್ ಅನ್ನು ಇಪ್ಪತ್ತು ಸಾಲಿಗೆ ಕಟ್ಟಿ ಹಾಕಿದೆ. ಉಳಿಸಿಟ್ಟ ಪುಟ ಕೊಡೋದು ಬಿಟ್ಟು ಅದಕ್ಕೆ ಬೇರೆ ಏನೂ ಬರಲ್ಲ.

ಅಪ್ಪನ ಕೈಯಲ್ಲಿ ಏರೋಪ್ಲೇನ್ ಮೋಡ್ ಹಾಕಿಸಿ ಜೋಡಿಸಲು ಹೇಳಿದೆ. ಪಹಣಿಯನ್ನು ಬಾಣ ಒತ್ತಿ ಒತ್ತಿ ಮೇಲಕ್ಕೆ ತಂದರು. "ಜಮೀನಿಂದು ಮೊದಲು ಬರಬೇಕಪ್ಪ, ಆಧಾರ್ ಆಮೇಲೆ." ಜೋಡಿಸು ಒತ್ತಿದರು. 3.8 ಎಂಬಿ. ಒಂದು ಕ್ಷಣ ನೋಡಿ, "ಇಷ್ಟೇನಾ? ಅವನು ಎಂಬತ್ತು ರೂಪಾಯಿ ತಗೊಂಡನಲ್ಲೋ" ಅಂದರು.

ಮೇಲ್ ಹೋದ ಮರುದಿನ ಬ್ಯಾಂಕಿನಿಂದ ಫೋನ್. ಎಲ್ಲ ಸರಿ ಇದೆ, ಆರನೇ ಪುಟ ತಲೆಕೆಳಗಾಗಿದೆ. ಕಾಗದವನ್ನು ಮೇಜಿನ ಮೇಲಿಟ್ಟು ಮೇಲಿನಿಂದ ಫೋಟೋ ಹೊಡೆದರೆ ಫೋನಿಗೆ ಯಾವುದು ಮೇಲು ಯಾವುದು ಕೆಳಗೆ ಅಂತ ತಿಳಿಯದೆ ಎಕ್ಸಿಫ್ ಚೀಟಿಯನ್ನೇ ತಪ್ಪು ಬರೆಯುತ್ತದೆ. ಚೀಟಿಯನ್ನು ನಂಬಿದ ನಾನು ಪುಟವನ್ನು ಉಲ್ಟಾ ಮಾಡಿದ್ದೆ. ಪ್ರತಿ ಹೆಸರಿನ ಪಕ್ಕ ಒಂದು ಸಣ್ಣ ಚಿತ್ರ, ಒಂದು ತಿರುಗಿಸುವ ಬಟನ್ ಬೇಕು. ಭಾನುವಾರ ಕೂರಬೇಕು.